ಲಕ್ಷಿಸುವವರಾರು ಎಂದು ಕೇಳಿದ ಕಾದಂಬರಿಕಾರ: ಹರಿ ನಾರಾಯಣ ಆಪ್ಟೆ

ಪುಣೆ-ಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಲೋಕಮಾನ್ಯ ತಿಲಕರನ್ನಾಗಲಿ ನ್ಯಾಯಮೂರ್ತಿ ರಾನಡೆಯವರನ್ನಾಗಲಿ ಹೊಸದಾಗಿ ಪರಿಚಯ ಮಾಡಿಕೊಡಬೇಕಾದುದಿಲ್ಲ. ಆ ಮಹನೀಯರ ಹೆಸರುಗಳು ಬೀದಿಗಳಲ್ಲಿ, ಚೌಕಗಳಲ್ಲಿ, ಶಾಲೆಗಳ ಗೋಡೆಗಳ ಮೇಲೆ ದಿನವೂ ಕಣ್ಣಿಗೆ ಬೀಳುತ್ತವೆ. ಆದರೆ ಅದೇ ಕಾಲದಲ್ಲಿ, ಅದೇ ಪುಣೆಯಲ್ಲಿ ಬಾಳಿ, ಸಭೆಗಳಲ್ಲಿ ಗರ್ಜಿಸದೆ, ಯಾರನ್ನೂ ಹೀಯಾಳಿಸದೆ, ಒಬ್ಬ ಎಳೆಯ ಹುಡುಗಿಯ ಬಾಯಿಂದ ಇಡೀ ಸಮಾಜಕ್ಕೆ ಅದರ ಅನ್ಯಾಯವನ್ನು ಕೇಳಿಸಿದ ಇನ್ನೊಬ್ಬರು ಇದ್ದರು. ಅವರೇ ಮರಾಠಿ ಕಾದಂಬರಿಗೆ ಹೊಸ ಹಾದಿಯನ್ನು ಹಾಕಿಕೊಟ್ಟ ಹರಿ ನಾರಾಯಣ ಆಪ್ಟೆಯವರು. ಮಹಾರಾಷ್ಟ್ರದ ವಾಚಕರು ಅವರನ್ನು ಪ್ರೀತಿಯಿಂದ ಹರಿಭಾವೂ ಎಂದೇ ಕರೆಯುತ್ತ ಬಂದಿದ್ದಾರೆ.

ಹರಿಭಾವೂ ಹುಟ್ಟಿದ್ದು 1864ನೆಯ ಮಾರ್ಚ್ 8ರಂದು, ಖಾನದೇಶದ ಪಾರೋಳಾ ಎಂಬ ಊರಿನಲ್ಲಿ. ಇನ್ನೂ ಎಳೆಯ ಮಗುವಾಗಿದ್ದಾಗಲೇ ಅವರು ತಾಯಿಯನ್ನು ಕಳೆದುಕೊಂಡರು. ಬಾಲ್ಯದ ಕೆಲವು ವರ್ಷಗಳು ಮುಂಬಯಿಯಲ್ಲಿ ಕಳೆದುವು. ಮುಂದೆ ಮನೆತನ ಪುಣೆಗೆ ಬಂದು ನೆಲೆಸಿತು. ಮುಂಬಯಿಯ ಉಚ್ಚ ನ್ಯಾಯಾಲಯದಲ್ಲಿ ವಕೀಲರಾಗಿ ಹೆಸರು ಗಳಿಸಿದ್ದ ಚಿಕ್ಕಪ್ಪ ಮಹಾದೇವ ಚಿಮಣಾಜಿ ಆಪ್ಟೆಯವರೇ ಆ ದೊಡ್ಡ ಕೂಡುಕುಟುಂಬಕ್ಕೆ ಆಧಾರಸ್ತಂಭ. ತುಂಬಿದ ಮನೆ, ಮಡಿ-ಮೈಲಿಗೆ, ವ್ರತ-ನೇಮ, ಹಿರಿಯರ ಮಾತಿಗೆ ಎದುರಾಡದ ಸೊಸೆಯಂದಿರು, ಮೂಲೆಯಲ್ಲಿ ಕೆಂಪು ಸೀರೆಯ ಸೆರಗನ್ನು ತಲೆಗೆಳೆದುಕೊಂಡು ಕುಳಿತ ವಿಧವೆಯರು: ಅಂದಿನ ಪುಣೆಯ ಬ್ರಾಹ್ಮಣ ಮನೆಗಳ ಚಿತ್ರ ಇಂಥದು. ತಾಯಿಯಿಲ್ಲದ ಹುಡುಗ ಇಂಥ ಮನೆಗಳ ನಡುವೆ ಬೆಳೆದ. ಗಂಡಸರು ಕಾಣದ, ಕಂಡರೂ ಗಣಿಸದ ಎಷ್ಟೋ ಸಂಗತಿಗಳು ಮುಂದೆ ಅವರ ಕಾದಂಬರಿಗಳಲ್ಲಿ ಮೂಡಿರುವುದನ್ನು ನೋಡಿದರೆ, ಅಡುಗೆಮನೆಯ ಮಾತಿಗೆ ಅವರ ಕಿವಿ ಎಂದೂ ಮುಚ್ಚಿರಲಿಲ್ಲವೆಂಬುದು ಸ್ಪಷ್ಟವಾಗುತ್ತದೆ.

1880ರಲ್ಲಿ ಪುಣೆಯಲ್ಲಿ ನ್ಯೂ ಇಂಗ್ಲಿಷ್ ಸ್ಕೂಲ್ ಆರಂಭವಾಯಿತು. ಹರಿಭಾವೂ ಆ ಶಾಲೆಯ ವಿದ್ಯಾರ್ಥಿಯಾದರು. ಅಲ್ಲಿ ಅವರಿಗೆ ದೊರೆತ ಗುರುಗಳು ಸಾಮಾನ್ಯರಲ್ಲ. ವಿಷ್ಣುಶಾಸ್ತ್ರಿ ಚಿಪಳೂಣಕರ, ಬಾಲ ಗಂಗಾಧರ ತಿಲಕ, ಗೋಪಾಲ ಗಣೇಶ ಆಗರಕರ. 1882ರಲ್ಲಿ ಚಿಪಳೂಣಕರರು ಅಕಾಲದಲ್ಲಿ ತೀರಿಕೊಂಡಾಗ, ಹದಿನೆಂಟು ವಯಸ್ಸಿನ ಈ ಶಿಷ್ಯ ‘ಶಿಷ್ಯಜನವಿಲಾಪ’ ಎಂಬ ಶೋಕಕಾವ್ಯವನ್ನು ರಚಿಸಿದರು. ಷೇಕ್ಸ್‌ಪಿಯರನ ‘ಹ್ಯಾಮ್ಲೆಟ್’ ನಾಟಕವನ್ನು ಆಗರಕರರು ‘ವಿಕಾರವಿಲಸಿತ’ವೆಂಬ ಹೆಸರಿನಿಂದ ಮರಾಠಿಗೆ ತಂದಾಗ, ಇದೇ ವಿದ್ಯಾರ್ಥಿ ಅದರ ಗುಣದೋಷಗಳನ್ನು ತೂಗಿ ಎಪ್ಪತ್ತೆರಡು ಪುಟಗಳ ವಿಮರ್ಶೆಯನ್ನು ಬರೆದರು. ಗುರುವಿನ ಕೃತಿಯನ್ನು ನಿರ್ಭಿಡೆಯಿಂದ ಪರೀಕ್ಷಿಸುವ ಧೈರ್ಯ, ಗುರುವಿನ ಮರಣಕ್ಕೆ ಕಣ್ಣೀರಿಡುವ ಹೃದಯ, ಈ ಎರಡೂ ಆಗಲೇ ಅವರಲ್ಲಿದ್ದುವು.

ಶಾಲೆ ಮುಗಿದ ಮೇಲೆ ಡೆಕ್ಕನ್ ಕಾಲೇಜು, ಬಳಿಕ ಫರ್ಗ್ಯೂಸನ್ ಕಾಲೇಜು ಸೇರಿದರು. ಆದರೆ ಗಣಿತ ಅವರಿಗೆ ಒಲಿಯಲಿಲ್ಲ, ಪದವಿಯೂ ಕೈಗೂಡಲಿಲ್ಲ. ಪದವಿಯಿಲ್ಲದ ಈ ವಿದ್ಯಾರ್ಥಿಯನ್ನೇ ಮುಂದೆ ಮುಂಬಯಿ ವಿಶ್ವವಿದ್ಯಾಲಯವು ಕರೆಯಿಸಿ, ಮರಾಠಿಯ ಮೂಲ-ಬೆಳವಣಿಗೆಗಳನ್ನು ಕುರಿತು ವಿಲ್ಸನ್ ವ್ಯಾಖ್ಯಾನಮಾಲೆಯಲ್ಲಿ ಉಪನ್ಯಾಸಗಳನ್ನು ಮಾಡಿಸಿತು.

ವಿದ್ಯಾರ್ಥಿಯಾಗಿದ್ದಾಗಲೇ, 1885ರಲ್ಲಿ, ‘ಮಧಲೀ ಸ್ಥಿತಿ’ ಎಂಬ ಮೊದಲ ಕಾದಂಬರಿಗೆ ಕೈಹಾಕಿದರು. ನಡುವಣ ಸ್ಥಿತಿ ಎಂದು ಅದರ ಅರ್ಥ. ಹಳೆಯದು ಸಡಿಲಿ, ಹೊಸದು ಇನ್ನೂ ನೆಲೆಗೊಳ್ಳದೆ, ಎರಡರ ಮಧ್ಯೆ ತೊಳಲುತ್ತಿದ್ದ ಸಮಾಜಕ್ಕೆ ಇದಕ್ಕಿಂತ ಒಪ್ಪುವ ಹೆಸರು ಸಿಗಲಾರದು. ಅದುವರೆಗೆ ಮರಾಠಿಯ ಕಥೆಗಳಲ್ಲಿ ರಾಜಕುಮಾರರು, ಮಾಯಾವಿಗಳು, ಅದ್ಭುತ ಪ್ರಸಂಗಗಳು ಬಹಳವಾಗಿದ್ದುವು. ಆಪ್ಟೆಯವರಾದರೋ ಓದುಗನನ್ನು ಕೈಹಿಡಿದು ಅವನದೇ ಓಣಿಗೆ, ಅವನದೇ ಮನೆಯ ಹೊಸ್ತಿಲಿಗೆ ಕರೆತಂದು ನಿಲ್ಲಿಸಿದರು.

1890ರಲ್ಲಿ ಅವರು ‘ಕರಮಣೂಕ’ ಎಂಬ ಸಾಪ್ತಾಹಿಕವನ್ನು ಆರಂಭಿಸಿದರು. ಕರಮಣೂಕ ಎಂದರೆ ಮನರಂಜನೆ. ಆಗ ಪುಣೆಯಲ್ಲಿ ಗಂಭೀರ ಪತ್ರಿಕೆಗಳಿಗೆ ಕೊರತೆಯಿರಲಿಲ್ಲ. ತಿಲಕರ ‘ಕೇಸರಿ’ ಒಂದು ಕಡೆ, ಆಗರಕರರ ‘ಸುಧಾರಕ’ ಇನ್ನೊಂದು ಕಡೆ ನಿಂತು ವಾರವಾರವೂ ಸೆಣಸುತ್ತಿದ್ದುವು. ಸಮಾಜಸುಧಾರಣೆ ಮೊದಲೋ, ರಾಜಕೀಯ ಸ್ವಾತಂತ್ರ್ಯ ಮೊದಲೋ ಎಂಬ ವಾದದಿಂದ ಒಂದೇ ಶಾಲೆಯ ಗುರುಗಳು ಬೇರೆ ಬೇರೆ ಪಾಳೆಯಗಳಾಗಿ ಹೋಗಿದ್ದರು. ಅವರ ಶಿಷ್ಯ ಆ ಅಖಾಡಕ್ಕೆ ಇಳಿಯದೆ, ಮನೆಮಂದಿಯೆಲ್ಲ ಕೂಡಿ ಓದಬಹುದಾದ ಒಂದು ಪತ್ರಿಕೆಯನ್ನು ಹೊರಡಿಸಿದರು. ಮನರಂಜನೆಯ ಆ ಪುಟಗಳಲ್ಲಿಯೇ 1890ರಿಂದ 1893ರವರೆಗೆ ಕಂತು ಕಂತಾಗಿ ಬಂದ ಕಾದಂಬರಿ ‘ಪಣ ಲಕ್ಷ್ಯಾಂತ ಕೋಣ ಘೇತೋ’. ಆದರೆ ಲಕ್ಷಿಸುವವರು ಯಾರು, ಎಂಬುದೇ ಆ ಹೆಸರಿನ ತಾತ್ಪರ್ಯ.

ಆ ಕಾದಂಬರಿಯ ಕಥೆಯನ್ನು ಹೇಳುವವಳು ಯಮುನಾ, ಮನೆಯವರಿಗೆಲ್ಲ ಯಮು. ತನ್ನ ಬಾಳಿನ ಕಥೆಯನ್ನು ಅವಳು ಬಾಲ್ಯದಿಂದಲೇ ತೊಡಗಿ ಹೇಳುತ್ತಾಳೆ. ಆಟ, ಅಣ್ಣನೊಡನೆ ಜಗಳ, ತಾಯಿಯ ಮಡಿಲು, ಮುಂಗೋಪಿಯಾದ ತಂದೆಯ ಹೆಜ್ಜೆಯ ಸಪ್ಪಳ ಕೇಳಿದೊಡನೆ ಮನೆಯಲ್ಲಿ ಹರಡುವ ಮೌನ, ಇವೆಲ್ಲ ಒಂದೊಂದಾಗಿ ಬರುತ್ತವೆ. ಅಣ್ಣನಿಗೆ ಶಾಲೆಯುಂಟು, ಪುಸ್ತಕವುಂಟು, ನಾಳೆ ಏನಾಗಬೇಕೆಂಬ ಮಾತುಕತೆಯುಂಟು. ತಂಗಿಗೆ ಮದುವೆಯೊಂದೇ ಗುರಿ. ಈ ಭೇದವನ್ನು ಯಾರೂ ಅವಳಿಗೆ ವಿವರಿಸಿ ಹೇಳುವುದಿಲ್ಲ. ಅವಳೂ ಅದನ್ನು ಅನ್ಯಾಯವೆಂದು ಕರೆಯುವುದಿಲ್ಲ. ಮಗುವಿನ ಕಣ್ಣಿಗೆ ಬಿದ್ದುದನ್ನು ಬಿದ್ದ ಹಾಗೆ ಹೇಳುತ್ತ ಹೋಗುತ್ತಾಳೆ. ಅನ್ಯಾಯವೆಂಬ ಶಬ್ದ ಓದುವವನ ಮನಸ್ಸಿನಲ್ಲಿಯೇ ಹುಟ್ಟಬೇಕು. ಆಪ್ಟೆಯವರ ಶಕ್ತಿಯಿರುವುದು ಇಲ್ಲಿ.

ಯಮುವಿಗೆ ದುರ್ಗಿ ಎಂಬ ಗೆಳತಿಯಿದ್ದಾಳೆ. ದುರ್ಗಿಯ ಪಾಲಿಗೆ ಬಂದ ಗಂಡ ದುರ್ಮಾರ್ಗಿ, ಕ್ರೂರಿ. ಯಮುವಿನ ಗಂಡ ರಘುನಾಥರಾಯ ಮಾತ್ರ ವಿದ್ಯಾವಂತ, ಸಹೃದಯ. ಅವನು ಹೆಂಡತಿಗೆ ಓದುಬರಹ ಕಲಿಸುತ್ತಾನೆ. ಮುಂಬಯಿಗೆ ಕರೆದುಕೊಂಡು ಹೋಗಿ ಬೇರೆ ಬಿಡಾರ ಹೂಡುತ್ತಾನೆ. ಅಲ್ಲಿ ಸಮಾನ ಮನಸ್ಕರಾದ ಸ್ನೇಹಿತರ ಸಂಗಡ ಯಮು ಕೆಲವು ಕಾಲ ನಿಜವಾಗಿಯೂ ಬದುಕುತ್ತಾಳೆ. ತಾನೂ ಒಬ್ಬ ವ್ಯಕ್ತಿ, ತನಗೂ ಒಂದು ಅಭಿಪ್ರಾಯವುಂಟು ಎಂಬುದು ಅವಳಿಗೆ ತಿಳಿಯುವುದು ಮುಂಬಯಿಯ ಆ ಬಿಡಾರದಲ್ಲಿಯೇ. ಪರಊರಿಗೆ ಹೋಗಿ ಪುಟ್ಟ ಸಂಸಾರ ಹೂಡಿದವರಿಗೆ ಆ ಅಧ್ಯಾಯಗಳ ಸುಖ ಬೇಗ ಅರ್ಥವಾದೀತು.

ಆದರೆ ರಘುನಾಥರಾಯ ಅಕಾಲ ಮರಣಕ್ಕೆ ತುತ್ತಾಗುತ್ತಾನೆ. ನಿನ್ನೆಯವರೆಗೆ ಅಕ್ಷರ ಕಲಿತು ಅರಳುತ್ತಿದ್ದ ಹೆಣ್ಣು ಒಂದೇ ದಿನದಲ್ಲಿ ಅಪಶಕುನವಾಗುತ್ತಾಳೆ. ಗಂಡನ ಮನೆಯವರು ಅವಳನ್ನು ಮತ್ತೆ ಪುಣೆಯ ಹಳೆಯ ಮನೆಗೆ ಎಳೆತರುತ್ತಾರೆ. ಧರ್ಮದ ಹೆಸರು ಹೇಳುವ ಕಪಟಿಯಾದ ಶಂಕರಮಾವ ಆ ಮನೆಯಲ್ಲಿ ಯಜಮಾನ. ಕೊನೆಗೆ ಅವಳ ಇಚ್ಛೆಗೆ ವಿರೋಧವಾಗಿ, ಬಲಾತ್ಕಾರದಿಂದ, ಅವಳ ಕೇಶವಪನ ನಡೆಯುತ್ತದೆ. ಆ ಆಘಾತದಿಂದ ಯಮು ಚೇತರಿಸಿಕೊಳ್ಳುವುದಿಲ್ಲ. ಅವಳ ಮರಣದೊಡನೆ ಕಥೆ ಮುಗಿಯುತ್ತದೆ.

ಈ ಕಂತುಗಳು ಹೊರಬರುತ್ತಿದ್ದ ವರ್ಷಗಳನ್ನು ವಾಚಕರು ಗಮನಿಸಬೇಕು. ವಿಧವಾವಿವಾಹಕ್ಕೆ 1856ರಲ್ಲಿಯೇ ಕಾನೂನಿನ ಒಪ್ಪಿಗೆ ದೊರೆತಿತ್ತು. ಆದರೆ ಕಾನೂನಿನ ಪುಸ್ತಕ ಬೇರೆ, ಮನೆಯ ಕಟ್ಟಳೆ ಬೇರೆ. 1884ರಲ್ಲಿ ಪಾರ್ಸಿ ಸಮಾಜದ ಬೆಹರಾಮಜಿ ಮಲಬಾರಿಯವರು ಬಾಲ್ಯವಿವಾಹ ಮತ್ತು ಬಲವಂತದ ವೈಧವ್ಯಗಳ ಮೇಲೆ ಟಿಪ್ಪಣಿಗಳನ್ನು ಪ್ರಕಟಿಸಿ ದೇಶವನ್ನು ಎಚ್ಚರಿಸಿದ್ದರು. ಬಾಲ್ಯದಲ್ಲಿ ಆದ ಮದುವೆಯನ್ನು ಒಪ್ಪಲಾರೆನೆಂದು ಮುಂಬಯಿಯ ರಖಮಾಬಾಯಿ ನ್ಯಾಯಾಲಯದಲ್ಲಿ ವರ್ಷಗಟ್ಟಲೆ ಹೋರಾಡಿದ್ದರು. 1889ರಲ್ಲಿ ಪಂಡಿತಾ ರಮಾಬಾಯಿಯವರು ವಿಧವೆಯರಿಗಾಗಿ ಶಾರದಾಸದನವನ್ನು ತೆರೆದಿದ್ದರು. 1890ರಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರ ಪ್ರೇರಣೆಯಿಂದ ಮುಂಬಯಿಯ ಕ್ಷೌರಿಕರೇ ಸಭೆ ಸೇರಿ, ವಿಧವೆಯರ ತಲೆಗೆ ಇನ್ನು ಕತ್ತಿ ಮುಟ್ಟಿಸುವುದಿಲ್ಲವೆಂದು ನಿಶ್ಚಯಿಸಿದ್ದರು. 1891ರ ಮಾರ್ಚ್ ತಿಂಗಳಲ್ಲಿ ಸಮ್ಮತಿವಯಸ್ಸಿನ ಕಾಯಿದೆ ಜಾರಿಗೆ ಬಂದು, ಹತ್ತು ವರ್ಷವೆಂದಿದ್ದ ಹುಡುಗಿಯ ಮಿತಿಯನ್ನು ಹನ್ನೆರಡಕ್ಕೆ ಏರಿಸಿತು. ಅಷ್ಟು ಅಲ್ಪವಾದ ತಿದ್ದುಪಡಿಗೂ ಪುಣೆ ಎರಡು ಪಕ್ಷವಾಗಿ ಒಡೆಯಿತು. ಪರಕೀಯ ಸರಕಾರ ನಮ್ಮ ಧರ್ಮದಲ್ಲಿ ಕೈಹಾಕಬಾರದೆಂದು ತಿಲಕರು ವಿರೋಧಿಸಿದರು; ಆಗರಕರ, ರಾನಡೆ, ಭಾಂಡಾರಕರ ಮೊದಲಾದವರು ಬೆಂಬಲಿಸಿದರು.

ಶಾಸ್ತ್ರಾಧಾರಗಳು, ವೈದ್ಯರ ಅಭಿಪ್ರಾಯಗಳು, ರಾಜ್ಯಾಧಿಕಾರದ ಎಲ್ಲೆಗಳು, ಇವುಗಳ ಮೇಲೆ ವಿದ್ವಾಂಸರು ಹೀಗೆ ಕಾದಾಡುತ್ತಿದ್ದಾಗ, ಯಾರ ವಿಷಯದಲ್ಲಿ ಈ ವಾದವೆಲ್ಲ ನಡೆಯುತ್ತಿತ್ತೋ ಆ ಹುಡುಗಿಯನ್ನು ಮಾತ್ರ ಯಾರೂ ಕೇಳಿರಲಿಲ್ಲ. ಆಪ್ಟೆಯವರು ಮಾಡಿದ ಕೆಲಸ ಇದು: ಅವಳನ್ನು ಕರೆದು ಕೂಡಿಸಿ, ಅವಳಿಗೆ ಮಾತನಾಡಲು ಅವಕಾಶ ಕೊಟ್ಟರು. ಶಾಸ್ತ್ರವಾಕ್ಯಕ್ಕೆ ಎದುರಾಗಿ ಇನ್ನೊಂದು ಶಾಸ್ತ್ರವಾಕ್ಯವನ್ನು ತೋರಿಸಿದರೆ ವಾದ ಬೆಳೆಯುತ್ತದೆ. ಆದರೆ ವಾರವಾರವೂ ಮನೆಗೆ ಬಂದು ತನ್ನ ಸುಖದುಃಖ ಹೇಳಿಕೊಂಡು, ಮನೆಯ ಮಗಳಂತೆಯೇ ಆಗಿಹೋದ ಯಮುವಿನ ತಲೆಯ ಮೇಲೆ ಕತ್ತಿ ಆಡಿದಾಗ, ಓದುತ್ತಿದ್ದ ಸನಾತನಿಯೂ ತನ್ನ ಮನೆಯ ಮೂಲೆಯ ಕಡೆಗೆ ಒಮ್ಮೆ ತಿರುಗಿ ನೋಡದೆ ಇರಲಾರನು. ಬೋಧೆಗೆ ಬಾಗದ ಮನಸ್ಸು ಪರಿಚಯಕ್ಕೆ ಬಾಗುತ್ತದೆಂಬುದನ್ನು ಅವರು ಕಂಡುಕೊಂಡಿದ್ದರು.

ಗಂಡಸೊಬ್ಬನಿಗೆ ಹೆಣ್ಣಿನ ನುಡಿ ಇಷ್ಟು ಸಹಜವಾಗಿ ಒಲಿದುದು ಹೇಗೆ ಎಂದು ಕೇಳಬಹುದು. ಮರಾಠಿಯ ಮೊದಲ ಲೇಖಕಿಯರಲ್ಲಿ ಒಬ್ಬರಾದ ಕಾಶೀಬಾಯಿ ಕಾನಿಟಕರರೂ ಅವರ ಪತಿ ಗೋವಿಂದರಾಯರೂ ಆಪ್ಟೆಯವರ ಆಪ್ತಮಿತ್ರರು. ಕಾಶೀಬಾಯಿಯವರು ಲೋಕಾಪವಾದಕ್ಕೆ ಅಂಜದೆ ಅಕ್ಷರ ಕಲಿತು ಲೇಖನಿ ಹಿಡಿದವರು. ಬರೆದುದನ್ನು ಈ ಸ್ನೇಹಿತರು ಪರಸ್ಪರ ಓದಿ ಚರ್ಚಿಸುತ್ತಿದ್ದರು. ಹೆಂಗಸರ ಬಾಳನ್ನು ಹೆಂಗಸೊಬ್ಬರ ಎದುರಿನಲ್ಲಿ ಓದಿ ಒರೆಗೆ ಹಚ್ಚುವ ಅವಕಾಶ ಆ ಕಾಲದ ಎಷ್ಟು ಮಂದಿ ಲೇಖಕರಿಗಿತ್ತು? ಯಮುವಿನ ಮಾತಿನಲ್ಲಿ ಪುಸ್ತಕದ ವಾಸನೆ ಇಲ್ಲದಿರುವುದಕ್ಕೆ ಈ ಸ್ನೇಹವೂ ಒಂದು ಕಾರಣವಾಗಿರಬೇಕು.

ಯಮುವಿನ ಬಳಿಕ ಆಪ್ಟೆಯವರು ಹುಡುಗರ ಕಡೆಗೂ ತಿರುಗಿದರು. 1893ರಿಂದ 1895ರವರೆಗೆ ಬಂದ ‘ಮೀ’, ಎಂದರೆ ‘ನಾನು’ ಎಂಬ ಕಾದಂಬರಿಯಲ್ಲಿ, ಬಡತನದಲ್ಲಿ ಬೆಳೆದ ಭಾವಾನಂದನೆಂಬ ಹುಡುಗ ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ತಾಯಿಯೂ ಅಕ್ಕನೂ ಪಡುವ ಪಾಡನ್ನು ನೋಡುತ್ತ ಬೆಳೆದ ಅವನು, ಕೊನೆಗೆ ತನ್ನ ಮದುವೆಯ ಸುಖವನ್ನು ಬದಿಗಿಟ್ಟು, ಲೋಕಸೇವೆಗೆ ಬಾಳನ್ನು ಮುಡಿಪಾಗಿಡುತ್ತಾನೆ. 1905ರಲ್ಲಿ ಗೋಪಾಲ ಕೃಷ್ಣ ಗೋಖಲೆಯವರು ಪುಣೆಯಲ್ಲಿ ಭಾರತ ಸೇವಕ ಸಮಾಜವನ್ನು ಕಟ್ಟಿದಾಗ, ಅದರ ಛಾಯೆ ಹತ್ತು ವರ್ಷ ಮೊದಲೇ ಈ ಕಾದಂಬರಿಯಲ್ಲಿ ಕಂಡಿತ್ತೆಂದು ಹಲವರು ನೆನೆದರು. ಹೆಣ್ಣು ಅನ್ಯಾಯಕ್ಕೆ ಬಲಿಯಾಗುವುದನ್ನು ಒಂದು ಕೃತಿಯಲ್ಲಿ ಚಿತ್ರಿಸಿ, ಆ ಅನ್ಯಾಯವನ್ನು ಕಂಡ ಗಂಡುಮಗ ಏನು ಮಾಡಬೇಕೆಂಬುದನ್ನು ಇನ್ನೊಂದು ಕೃತಿಯಲ್ಲಿ ಅವರು ಸೂಚಿಸಿದರೆನ್ನಬಹುದು.

ಲೇಖನಿಯೊಂದೇ ಅವರ ಬಾಳಾಗಿರಲಿಲ್ಲ. ಸಂಸ್ಕೃತದ ಪ್ರಾಚೀನ ಗ್ರಂಥಗಳನ್ನು ರಕ್ಷಿಸಿ ಪ್ರಕಟಿಸುವುದಕ್ಕಾಗಿ ಚಿಕ್ಕಪ್ಪ ಮಹಾದೇವ ಚಿಮಣಾಜಿಯವರು ಪುಣೆಯಲ್ಲಿ ಆನಂದಾಶ್ರಮವನ್ನು ಸ್ಥಾಪಿಸಿದ್ದರು. 1894ರಲ್ಲಿ ಅವರು ತೀರಿಕೊಂಡ ಮೇಲೆ ಅದರ ಆಡಳಿತ ಹರಿಭಾವೂ ಅವರ ಹೆಗಲಿಗೆ ಬಂತು. ಕೊನೆಯವರೆಗೂ ಅದನ್ನು ನಿಷ್ಠೆಯಿಂದ ಹೊತ್ತರು. ಹಗಲೆಲ್ಲ ಪ್ರಾಚೀನ ಶಾಸ್ತ್ರಗ್ರಂಥಗಳ ಮುದ್ರಣದ ಮೇಲ್ವಿಚಾರಣೆ. ಅದೇ ಕೈಯಿಂದ, ಶಾಸ್ತ್ರದ ಹೆಸರಿನಲ್ಲಿ ನಡೆಯುವ ಹಿಂಸೆಯ ಕಥೆ. ಇದರಲ್ಲಿ ಅವರಿಗೆ ವಿರೋಧವೇನೂ ತೋರಲಿಲ್ಲ. ಹಳೆಯದರ ಮೇಲಿನ ಗೌರವ ಅವರಲ್ಲಿ ಕಡೆಯವರೆಗೂ ಉಳಿದಿತ್ತು. ಪುಣೆಯ ನಗರಸಭೆಯಲ್ಲಿ ಸದಸ್ಯರಾಗಿ, ಮುಂದೆ ಅಧ್ಯಕ್ಷರಾಗಿಯೂ ಸೇವೆ ಸಲ್ಲಿಸಿದರು. 1897ರಲ್ಲಿ ಪ್ಲೇಗು ಊರನ್ನು ನಡುಗಿಸಿದಾಗ ಜನರ ಕಷ್ಟನಿವಾರಣೆಗೆ ದುಡಿದರು. 1912ರಲ್ಲಿ ಅಕೋಲೆಯಲ್ಲಿ ಕೂಡಿದ ಮರಾಠಿ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪದವಿ ಅವರನ್ನು ಅರಸಿಕೊಂಡು ಬಂತು.

ಗುಣಗಳೊಡನೆ ಮಿತಿಗಳನ್ನೂ ಹೇಳುವುದು ಜೀವನಚರಿತ್ರೆಯ ಧರ್ಮ. ಆಪ್ಟೆಯವರ ಸಾಮಾಜಿಕ ಕಾದಂಬರಿಗಳ ಲೋಕ ಬಹುಮಟ್ಟಿಗೆ ಮಧ್ಯಮವರ್ಗದ ಬ್ರಾಹ್ಮಣ ಮನೆಗಳ ಲೋಕ. ಅದೇ ಪುಣೆಯಲ್ಲಿ ಜೋತಿರಾವ ಫುಲೆ ಮತ್ತು ಸಾವಿತ್ರೀಬಾಯಿ ದಂಪತಿಗಳು 1848ರಿಂದಲೇ ಹೆಣ್ಣುಮಕ್ಕಳಿಗೂ ಅಸ್ಪೃಶ್ಯರೆನಿಸಿಕೊಂಡವರ ಮಕ್ಕಳಿಗೂ ಶಾಲೆಗಳನ್ನು ತೆರೆದಿದ್ದರು. 1863ರಲ್ಲಿ ಗರ್ಭವತಿಯರಾದ ವಿಧವೆಯರಿಗೆ ಆಶ್ರಯವನ್ನೂ ಕಲ್ಪಿಸಿದ್ದರು. ಆ ಕೇರಿಗಳ ಮಕ್ಕಳು ಆಪ್ಟೆಯವರ ದೊಡ್ಡ ಕಾದಂಬರಿಗಳಲ್ಲಿ ನಾಯಕರಾಗಿ ಬರಲಿಲ್ಲ. ಆದರೂ ಅವರ ಕಣ್ಣು ಪೂರ್ತಿಯಾಗಿ ಮುಚ್ಚಿತ್ತೆಂದು ಹೇಳಲಾಗದು. ಬರಗಾಲಕ್ಕೆ ಸಿಕ್ಕಿ ನುಗ್ಗಾದ ಬಡ ಹಳ್ಳಿಗರ ಸಂಸಾರವನ್ನು ಕುರಿತು ಅವರು ಬರೆದ ‘ಕಾಳ ತರ ಮೋಠಾ ಕಠೀಣ ಆಲಾ’ ಎಂಬ ಕಥೆ ಮರಾಠಿಯ ಶ್ರೇಷ್ಠ ಕಥೆಗಳಲ್ಲಿ ಒಂದು. ಅದರ ಇಂಗ್ಲಿಷ್ ರೂಪ ‘ರಾಮಜಿ’ ಎಂಬ ಹೆಸರಿನಿಂದ 1897ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಇಷ್ಟಾದರೂ ಆಗರಕರರಂತೆ ಖಡ್ಗಧಾರೆಯ ಮಾತು ಅವರದಲ್ಲ. ರೋಗವನ್ನು ತೋರಿಸಿದರು, ಶಸ್ತ್ರಚಿಕಿತ್ಸೆಯನ್ನು ಇತರರಿಗೆ ಬಿಟ್ಟರು. ಯಮುವಿನ ಕಥೆ ಮುಗಿದ 1893ರಲ್ಲಿಯೇ ಧೋಂಡೋ ಕೇಶವ ಕರ್ವೆಯವರು ಶಾರದಾಸದನದ ವಿಧವೆಯೊಬ್ಬರನ್ನು ಕೈಹಿಡಿದರು. 1896ರಲ್ಲಿ ಅನಾಥ ಬಾಲಿಕಾಶ್ರಮವನ್ನು ಆರಂಭಿಸಿದರು. ಕಾದಂಬರಿಯು ಜನರ ಮನಸ್ಸನ್ನು ಹದಗೊಳಿಸುವುದೂ ಕರ್ಮಯೋಗಿಯು ಅಲ್ಲಿ ಬೀಜ ಬಿತ್ತುವುದೂ ಒಂದೇ ಬೇಸಾಯದ ಎರಡು ಕೆಲಸಗಳಲ್ಲವೆ?

ಕನ್ನಡಿಗರಿಗೆ ಆಪ್ಟೆಯವರ ಋಣ ಇನ್ನೊಂದು ದಾರಿಯಿಂದಲೂ ಉಂಟು. ‘ಉಷಃಕಾಲ’, ‘ಗಡ ಆಲಾ ಪಣ ಸಿಂಹ ಗೇಲಾ’, ‘ಚಂದ್ರಗುಪ್ತ’ ಮೊದಲಾದ ಐತಿಹಾಸಿಕ ಕಾದಂಬರಿಗಳನ್ನೂ ಅವರು ಬರೆದರು. ಅವರ ‘ವಜ್ರಾಘಾತ’ ನಮ್ಮ ವಿಜಯನಗರದ ಪತನವನ್ನೇ ಕುರಿತದ್ದು. ಕನ್ನಡ ಕಾದಂಬರಿಯ ಹಿರಿಯರಾದ ಗಳಗನಾಥರು ಆಪ್ಟೆಯವರ ಐತಿಹಾಸಿಕ ಕೃತಿಗಳನ್ನು ಕನ್ನಡಕ್ಕೆ ಇಳಿಸಿ, ಉತ್ತರ ಕರ್ನಾಟಕದ ಮನೆಮನೆಗಳಲ್ಲಿ ಓದುವ ಹವ್ಯಾಸವನ್ನು ಬೆಳೆಸಿದರು. ಯಮುವಿನ ಸೋದರಿಯೂ ಕನ್ನಡದಲ್ಲಿ ಹುಟ್ಟದೆ ಇರಲಿಲ್ಲ. 1899ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯ ನಾಯಕಿಯೂ ಎಳೆಯ ವಿಧವೆಯೇ. ಆದರೆ ಆ ಇಂದಿರೆ ವಿದ್ಯೆ ಕಲಿತು, ಮರುಮದುವೆಯಾಗಿ, ಹೊಸ ಬಾಳನ್ನು ಕಾಣುತ್ತಾಳೆ. ಪುಣೆಯ ಯಮುವಿಗೆ ದೊರೆಯದ ಬಿಡುಗಡೆ ಕರಾವಳಿಯ ಇಂದಿರೆಗೆ ಕಥೆಯಲ್ಲಾದರೂ ದೊರೆಯಿತು.

1917ರಲ್ಲಿ ‘ಕರಮಣೂಕ’ ನಿಂತಿತು. 1919ನೆಯ ಮಾರ್ಚ್ 3ರಂದು, ಐವತ್ತೈದು ತುಂಬುವುದಕ್ಕೆ ಐದು ದಿನ ಉಳಿದಿರುವಾಗ, ಹರಿಭಾವೂ ಪುಣೆಯಲ್ಲಿ ದೇಹವಿಟ್ಟರು. ಅವರು ಕಣ್ಮುಚ್ಚಿದ ಹತ್ತು ವರ್ಷಕ್ಕೆ, 1929ರಲ್ಲಿ, ಶಾರದಾ ಕಾಯಿದೆ ಬಂದು ವಧುವಿಗೆ ಹದಿನಾಲ್ಕು, ವರನಿಗೆ ಹದಿನೆಂಟು ವರ್ಷಗಳ ಮಿತಿಯನ್ನು ವಿಧಿಸಿತು. ಕೇಶವಪನದ ಪದ್ಧತಿ ಕಾಲಕ್ರಮದಲ್ಲಿ ಅಳಿಯಿತು. ಇಂದು ಯಮುವಿನ ಮೊಮ್ಮಕ್ಕಳ ಮಕ್ಕಳು ವೈದ್ಯರಾಗಿದ್ದಾರೆ, ನ್ಯಾಯಾಧೀಶರಾಗಿದ್ದಾರೆ.

ಇಷ್ಟರಿಂದ ಆಕೆಯ ಪ್ರಶ್ನೆಗೆ ಉತ್ತರ ದೊರೆಯಿತೆಂದು ನಾವು ಸಮಾಧಾನ ಪಡುವಂತಿಲ್ಲ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ನಮ್ಮ ದೇಶದಲ್ಲಿ ಇಪ್ಪತ್ತರಿಂದ ಇಪ್ಪತ್ತನಾಲ್ಕು ವಯಸ್ಸಿನ ಸ್ತ್ರೀಯರಲ್ಲಿ ನೂರಕ್ಕೆ 23 ಮಂದಿಗೆ ಹದಿನೆಂಟು ತುಂಬುವ ಮೊದಲೇ ಮದುವೆಯಾಗಿತ್ತು. ಗಂಡ ಸತ್ತವಳ ಬಳೆ ಒಡೆಯುವ, ಕುಂಕುಮ ಅಳಿಸುವ ಪದ್ಧತಿಯನ್ನು ಇನ್ನು ನಡೆಸಕೂಡದೆಂದು ನಮ್ಮ ಗಡಿಗೆ ಸಮೀಪದ ಕೊಲ್ಲಾಪುರ ಜಿಲ್ಲೆಯ ಹೇರವಾಡ ಗ್ರಾಮಸಭೆ ನಿರ್ಣಯ ಮಾಡಿದ್ದು 2022ರ ಮೇ ತಿಂಗಳಲ್ಲಿ. ಯಮುವಿನ ಕಥೆ ಮುಗಿದು 129 ವರ್ಷಗಳ ಮೇಲೆ. ಅದೇ ತಿಂಗಳಲ್ಲಿ ಮಹಾರಾಷ್ಟ್ರ ಸರಕಾರ ಉಳಿದ ಗ್ರಾಮಪಂಚಾಯತಿಗಳೂ ಆ ಮಾದರಿಯನ್ನು ಅನುಸರಿಸಬೇಕೆಂದು ಸುತ್ತೋಲೆ ಹೊರಡಿಸಿತು. ಒಂದು ಹಳ್ಳಿ ಲಕ್ಷಿಸಿತು. ಉಳಿದ ಊರುಗಳು ಲಕ್ಷಿಸಬೇಕಾಗಿದೆ. ಪರನಾಡಿನಲ್ಲಿದ್ದುಕೊಂಡು ಮರಾಠಿಯನ್ನೂ ಓದಬಲ್ಲ ನಮ್ಮ ತರುಣ-ತರುಣಿಯರು ಆಪ್ಟೆಯವರ ಈ ಕಾದಂಬರಿಯನ್ನು ಒಮ್ಮೆ ಮೂಲದಲ್ಲಿಯೇ ಓದಿ, ಅದರಲ್ಲಿ ಕಂಡುದನ್ನು ತಮ್ಮ ಮನೆಯ ಹಿರಿಯರೊಡನೆ ಮಾತನಾಡಿದರೆ, ಯಮು ತನ್ನ ಕಥೆಯನ್ನು ಹೇಳಿದ ಶ್ರಮಕ್ಕೆ ಅಷ್ಟರಮಟ್ಟಿಗೆ ಸಾರ್ಥಕ್ಯ ಬಂದೀತು.